ಒಂದನೇ ತಾರೀಕಿನ ಚೆಕ್ಕು

ನಾನು ದೋಹಾದ ಕೇಂದ್ರ ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ ಎಂದರೆ ಊರಿನ ಜನ ಇವತ್ತಿಗೂ ಒಮ್ಮೆ ನನ್ನ ಕೈ ನೋಡುತ್ತಾರೆ, ನೋಟು ಅಚ್ಚು ಹಾಕಿದ ಶಾಯಿ ಬೆರಳಿನಲ್ಲಿ ಉಳಿದಿದೆಯೋ ಏನೋ ಎಂಬಂತೆ. ತೊಂಬತ್ತರ ದಶಕದಲ್ಲಿ, ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದವರದೂ ಅದೇ ಕತೆ. ಒಬ್ಬರಿಗೆ ಕಾರಿಗೆ ಸಾಲ ಬೇಕು, ಇನ್ನೊಬ್ಬರಿಗೆ ಹಬ್ಬಕ್ಕೆ ಗರಿಗರಿ ನೋಟಿನ ಕಟ್ಟು ಬೇಕು. "ಮಾರಾಯ್ರೆ, ಅಲ್ಲಿ ನನಗೇ ಖಾತೆ ಇಲ್ಲ. ಅಲ್ಲಿ ಖಾತೆ ಇರುವುದು ಬ್ಯಾಂಕುಗಳಿಗೆ. ಅದು ಬ್ಯಾಂಕುಗಳ ಬ್ಯಾಂಕು" ಎಂದು ಹೇಳಿ ಹೇಳಿ ನನ್ನ ಬಾಯಿ ಸೋಲುತ್ತಿತ್ತು. ಒಬ್ಬರೂ ನಂಬಲಿಲ್ಲ. ಜಂಬದವಳು ಎಂದುಕೊಂಡರು, ಅಷ್ಟೆ.

ನನ್ನ ಕೆಲಸ ಕ್ಲಿಯರಿಂಗ್ ಹಾಲ್‌ನಲ್ಲಿ. ಪ್ರತಿದಿನ ಬೆಳಿಗ್ಗೆ ಊರಿನ ಒಂದೊಂದು ಬ್ಯಾಂಕಿನಿಂದಲೂ ಒಬ್ಬೊಬ್ಬ ಪ್ರತಿನಿಧಿ ಚೀಲ ಹಿಡಿದು ಅಲ್ಲಿಗೆ ಬರುತ್ತಿದ್ದ. ಚೀಲದ ತುಂಬ ಬೇರೆ ಬ್ಯಾಂಕುಗಳ ಚೆಕ್ಕು. ನಿಮ್ಮ ಗಿರಾಕಿ ಬರೆದದ್ದು ನಮ್ಮಲ್ಲಿಗೆ ಬಂದಿದೆ, ತಗೊಳ್ಳಿ. ನಮ್ಮದು ನಿಮ್ಮಲ್ಲಿದ್ದರೆ ಕೊಡಿ. ಇಷ್ಟೇ ವ್ಯವಹಾರ. ಕೊನೆಗೆ ಯಾವ ಬ್ಯಾಂಕು ಯಾವ ಬ್ಯಾಂಕಿಗೆ ಎಷ್ಟು ಕೊಡಬೇಕೆಂದು ನಾವು ಕೂಡಿ ಕಳೆದು, ನಮ್ಮಲ್ಲಿರುವ ಅವುಗಳ ಖಾತೆಗಳಲ್ಲಿ ಆಚೀಚೆ ಮಾಡಿ, ಹಾಲ್ ಮುಚ್ಚುತ್ತಿದ್ದೆವು. ಮಕ್ಕಳು ಆಟ ಮುಗಿದ ಮೇಲೆ ಗೋಲಿ ಹಂಚಿಕೊಳ್ಳುತ್ತಾರಲ್ಲ, ಹಾಗೆ. ನಾವು ಜಗಳ ಬಿಡಿಸಲು ನಿಂತ ದೊಡ್ಡಮ್ಮ.

ಚೆಕ್ಕುಗಳನ್ನು ಒಂದೊಂದಾಗಿ ನೋಡುವುದು ನಮ್ಮ ಕೆಲಸವಲ್ಲ. ಸಹಿ ಸರಿಯೇ, ಹಣ ಇದೆಯೇ, ಬರೆದವರು ಬದುಕಿದ್ದಾರೆಯೇ ಎಂದು ನೋಡಿಕೊಳ್ಳುವುದು ಅವರವರ ಬ್ಯಾಂಕು. ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ದಾರಿ ತಪ್ಪಿದವು ಮಾತ್ರ. ಒಂದು ಬ್ಯಾಂಕಿನ ಚೆಕ್ಕು ಇನ್ನೊಂದರ ಕಟ್ಟಿನಲ್ಲಿ ಸೇರಿಕೊಂಡರೆ ಅದನ್ನು ನನ್ನ ಮೇಜಿನ ಮರದ ಟ್ರೇಗೆ ತಂದು ಹಾಕುತ್ತಿದ್ದರು. ನಾನು ನೋಡಿ ಅದರ ಮನೆಗೆ ಕಳಿಸಬೇಕು. ಅಷ್ಟು ರಾಶಿಯಲ್ಲಿ ದಾರಿ ತಪ್ಪುತ್ತಿದ್ದದ್ದು ಒಂದೋ ಎರಡೋ. ಎಷ್ಟೋ ದಿನ ಟ್ರೇ ಖಾಲಿ.

ನಮ್ಮ ಮೇಲಿನ ಮಹಡಿಯಲ್ಲಿ ನಮ್ಮದೇ ಕರಾವಳಿಯ ಬ್ಯಾರಿ ಮುಸ್ಲಿಮರ ಒಂದು ಕುಟುಂಬವಿತ್ತು. ಗಂಡ ಕಟ್ಟಡ ಕಂಪನಿಯೊಂದರ ಸ್ಟೋರ್ ಕೀಪರ್, ನಮ್ಮ ಬಾಯಲ್ಲಿ 'ಬ್ಯಾರಿಗಳು'. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನಾವು ಉಡುಪಿ ಕಡೆಯ ಕ್ರಿಶ್ಚಿಯನ್ನರು. ನಮ್ಮ ಮನೆಯಲ್ಲಿ ಕೊಂಕಣಿ, ಅವರ ಮನೆಯಲ್ಲಿ ಬ್ಯಾರಿ ಭಾಷೆ, ಮೆಟ್ಟಿಲ ಮೇಲೆ ಎದುರಾದರೆ ಕನ್ನಡ. ಶುಕ್ರವಾರ ಅವರ ಮನೆಯ ಪತ್ತಿರಿ ರೊಟ್ಟಿ ಕೆಳಗಿಳಿಯುತ್ತಿತ್ತು, ಕ್ರಿಸ್‌ಮಸ್ಸಿಗೆ ನಮ್ಮ ಕುಸ್ವಾರ್ ತಿಂಡಿಯ ತಟ್ಟೆ ಮೇಲೆ ಹತ್ತುತ್ತಿತ್ತು. ಪರದೇಶದಲ್ಲಿ ನೆರೆಮನೆಯೇ ನೆಂಟರು.

ದೋಹಾದಲ್ಲಿ ಮನೆ ಹಿಡಿದವರು ಇಡೀ ವರ್ಷದ ಬಾಡಿಗೆ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ತಿಂಗಳಿಗೊಂದು, ಪ್ರತಿಯೊಂದರ ಮೇಲೂ ಇನ್ನೂ ಬಾರದ ಒಂದು ಒಂದನೇ ತಾರೀಕು. ಮನೆಯ ಮಾಲಿಕ ಆ ಕಟ್ಟನ್ನು ಇಟ್ಟುಕೊಂಡು, ತಾರೀಕು ಬಂದ ಹಾಗೆ ಒಂದೊಂದನ್ನೇ ಬ್ಯಾಂಕಿಗೆ ಹಾಕುತ್ತಾನೆ. ಚೆಕ್ಕು ವಾಪಸಾಯಿತೋ, ಪೊಲೀಸು. ನಮ್ಮವರು ದೇವರಿಗೆ ಹೆದರದಿದ್ದರೂ ಒಂದನೇ ತಾರೀಕಿಗೆ ಹೆದರುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಮೇಲಿನ ಮನೆಯ ಬ್ಯಾರಿಗಳು ಚೆಕ್ಕು ಬರೆದದ್ದು ನಮ್ಮ ಊಟದ ಮೇಜಿನ ಮೇಲೆ. ಇಂಗ್ಲಿಷ್ ತಪ್ಪಬಾರದೆಂದು ನನ್ನನ್ನು ಎದುರಿಗೆ ಕೂರಿಸಿಕೊಂಡಿದ್ದರು. ಪೆನ್ನನ್ನು ಅದೆಷ್ಟು ಒತ್ತಿ ಬರೆಯುತ್ತಿದ್ದರೆಂದರೆ ಕೆಳಗಿನ ಹಾಳೆಯ ಮೇಲೂ ಗುರುತು ಮೂಡುತ್ತಿತ್ತು. ಸಹಿಯ ಅಡಿಗೆ ಗಾಳದ ಕೊಕ್ಕೆಯಂಥ ಒಂದು ಗೆರೆ.

"ಎಂತ ಬ್ಯಾರಿಗಳೇ, ಸಹಿ ಹಾಕ್ತಿದ್ದೀರೋ, ಗದ್ದೆ ಉಳ್ತಿದ್ದೀರೋ?" ಎಂದು ಕೇಳಿದೆ.

ಅವರು ತಲೆ ಎತ್ತದೆ ನಕ್ಕರು. "ನೋಡಿ ಅಕ್ಕ, ಬರುವ ಜೂನ್ ತನಕ ನಾನು ಸಾಯೋದಿಲ್ಲ ಅಂತ ಬ್ಯಾಂಕಿಗೆ ಬರೆದುಕೊಟ್ಟ ಹಾಗಾಯ್ತು. ಇನ್ನು ಸಾಯ್ಲಿಕ್ಕೆ ಪುರುಸೊತ್ತಿಲ್ಲ."

"ಥೂ, ಬಿಡ್ತು ಅನ್ನಿ!" ಎಂದು ಗದರಿದೆ. ಅವರು "ಬಿಡ್ತು" ಎನ್ನಲಿಲ್ಲ. ಮುಂದಿನ ಚೆಕ್ಕಿಗೆ ಕೈ ಹಾಕಿದರು.

ಚಳಿ ಹಿಡಿಯುವ ಹೊತ್ತಿಗೆ ಒಂದು ದಿನ ಸ್ಟೋರಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮರುದಿನವೇ ಅಬು ಹಮೂರಿನ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ಅವರ ಹೆಂಡತಿ ಇದ್ದತ್ ಕೂತಳು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಅವನ ಮನೆಯಲ್ಲೇ ಇರಬೇಕು, ಹೊಸಿಲು ದಾಟಬಾರದು, ಹೊರಗಿನ ಗಂಡಸರ ಮುಂದೆ ಬರಬಾರದು. ಅದು ಅವರ ರೀತಿ. ನನಗಿಂತ ಎಷ್ಟೋ ಚಿಕ್ಕವಳು, ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ಅಕ್ಕ, ಇಲ್ಲಿಂದ ನನ್ನನ್ನು ಎಬ್ಬಿಸದಿದ್ದರೆ ಸಾಕು. ಇವರ ಮನೆಯಲ್ಲೇ ಮುಗಿಸ್ತೇನೆ."

ಆದರೆ ಎಬ್ಬಿಸುವುದಕ್ಕೆ ಎಷ್ಟು ಹೊತ್ತು? ಕಂಪನಿಯವರು ಸತ್ತವರ ಖಾತೆಗೆ ಕೊನೆಯ ಸಂಬಳ, ಬಾಕಿಯನ್ನೆಲ್ಲ ಹಾಕಿದ್ದರು, ವೀಸಾ ಕೂಡಲೇ ರದ್ದು ಮಾಡದೆ ಮನುಷ್ಯತ್ವ ತೋರಿಸಿದ್ದರು. ಹಣವೇನೋ ಇತ್ತು. ಆದರೆ ಖಾತೆದಾರ ತೀರಿಕೊಂಡನೆಂದು ಬ್ಯಾಂಕಿಗೆ ತಿಳಿದರೆ ಖಾತೆಗೆ ಬೀಗ. ಊರಿನಿಂದ ವಾರಸುದಾರರ ಕಾಗದ ಬರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಚೆಕ್ಕು ವಾಪಸಾಗುತ್ತದೆ. ಬಾಡಿಗೆ ಇಲ್ಲದಿದ್ದರೆ ಮನೆಯೂ ಇಲ್ಲ.

ಕಟ್ಟಡದ ಗಂಡಸರು ನಮ್ಮ ಮನೆಯಲ್ಲಿ ಸೇರಿ ಮಾತಾಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬ್ಯಾಂಕಿಗೂ ಹೇಳುವುದು ಬೇಡ, ದೂರದ ಅಲ್ ವುಕೈರಿನಲ್ಲಿರುವ ಮಾಲಿಕನಿಗೂ ಹೇಳುವುದು ಬೇಡ. ಇದ್ದತ್ ಮುಗಿಯುವ ತನಕ ಚೆಕ್ಕುಗಳು ತಮ್ಮ ಪಾಡಿಗೆ ಹೋಗಲಿ ಎಂದು ತೀರ್ಮಾನವಾಯಿತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಅಕ್ಕ, ನೀವು ದೊಡ್ಡ ಬ್ಯಾಂಕಿನವರು. ನೀವು ಬಾಯಿ ಬಿಟ್ಟರೆ ಖಲಾಸ್" ಎಂದ ಒಬ್ಬ.

ನನಗೆ ಸಿಟ್ಟು ನೆತ್ತಿಗೇರಿತು. "ನಾನೆಂತ ಡಂಗುರ ಹೊಡೀತೇನಾ? ನನ್ನನ್ನು ಯಾರಾದರೂ ಕೇಳಿದರೆ ತಾನೇ ಹೇಳುವುದು?" ಎಂದೆ. ನಿಜಕ್ಕೂ ಯಾರೂ ಕೇಳುವ ಸಂದರ್ಭವೇ ಇರಲಿಲ್ಲ. ಆ ಚೆಕ್ಕು ನನ್ನ ಕಣ್ಣಿಗೆ ಬೀಳಲು ಕಾರಣವೇ ಇರಲಿಲ್ಲ.

ಮುಂದಿನ ಒಂದನೇ ತಾರೀಕು ಹಾಲ್‌ನಲ್ಲಿ ಎಂದಿನ ಗದ್ದಲ. ಎಲ್ಲ ಮುಗಿಯುತ್ತ ಬಂದಾಗ ಒಬ್ಬ ಪ್ರತಿನಿಧಿ ಬಂದು ಒಂದು ಹಸಿರು ಚೆಕ್ಕನ್ನು ನನ್ನ ಟ್ರೇಗೆ ಹಾಕಿದ. "ಇದು ನಮ್ಮದಲ್ಲ, ಮೇಡಂ." ನಾನು ಎತ್ತಿಕೊಂಡೆ. ಬೆರಳಿಗೆ ಮೊದಲು ತಾಗಿದ್ದು ಒತ್ತಿದ ಪೆನ್ನಿನ ಗುರುತು. ಆಮೇಲೆ ಸಹಿ ನೋಡಿದೆ. ಅಡಿಗೆ ಕೊಕ್ಕೆ.

ಮೇಲೆ ಅವತ್ತಿನ ತಾರೀಕು, ಅವರದೇ ಕೈಯಲ್ಲಿ. ಮಣ್ಣಿನಡಿ ಮಲಗಿದ ಮನುಷ್ಯ ಇವತ್ತು ಬೆಳಿಗ್ಗೆ ಎದ್ದು ಸಹಿ ಹಾಕಿ ಕಳಿಸಿದ ಹಾಗಿತ್ತು. ಇದು ಬೇಸಿಗೆಯಲ್ಲಿ ಬರೆದದ್ದು, ನನ್ನ ಎದುರಿಗೇ ಬರೆದದ್ದು ಎಂದು ನನಗೆ ಗೊತ್ತು. ಗೊತ್ತಿದ್ದು ಏನು ಪ್ರಯೋಜನ? ಚೆಕ್ಕನ್ನು ಅದರ ಸರಿಯಾದ ಬ್ಯಾಂಕಿನವನ ಕೈಗೆ ಕೊಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಯಾಕೆ ತೊಳೆದೆನೋ ನನಗೇ ತಿಳಿಯದು. ಚೆಕ್ಕು ಪಾಸಾಯಿತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸಮಾಧಾನ ಮಾಡಿಕೊಂಡೆ. ಎರಡು ಬ್ಯಾಂಕುಗಳ ಚೆಕ್ಕು ಒಂದೇ ಥರದ ಹಸಿರು. ವಿಂಗಡಿಸುವಾಗ ಕಣ್ಣು ತಪ್ಪಿದೆ. ಭೂತ, ಪ್ರೇತ ಎಂದರೆ ನಗುವ ಜಾತಿ ನನ್ನದು. ಊರಿನಲ್ಲಿ ಹುಣಸೆಮರದ ಕೆಳಗೆ ಸಂಜೆಹೊತ್ತು ಒಬ್ಬಳೇ ನಡೆದು ಬಂದವಳು. ಮನೆಯಲ್ಲಿ ಗಂಡನಿಗೂ ಈ ಮಾತು ಹೇಳಲಿಲ್ಲ. ಮೇಲಿನ ಮನೆಯವಳಿಗಂತೂ ಹೇಳುವ ಮಾತೇ ಅಲ್ಲ.

ಮುಂದಿನ ತಿಂಗಳು ಆ ಎರಡು ಬ್ಯಾಂಕುಗಳ ಪ್ರತಿನಿಧಿಗಳಿಗೆ ಮೊದಲೇ ಹೇಳಿದೆ: "ಹಸಿರು ಚೆಕ್ಕುಗಳನ್ನು ಎರಡೆರಡು ಸಲ ನೋಡಿ. ಕಳೆದ ಸಲ ತಪ್ಪಾಗಿತ್ತು." ಅವರು ತಲೆಯಾಡಿಸಿದರು. ನನ್ನ ಕಣ್ಣೆದುರೇ ಎರಡೆರಡು ಸಲ ನೋಡಿದರು. ಆದರೂ ಹಾಲ್ ಮುಚ್ಚುವ ಹೊತ್ತಿಗೆ ಟ್ರೇಯಲ್ಲಿ ಒಂದೇ ಒಂದು ಚೆಕ್ಕು ಮಗುಚಿ ಬಿದ್ದಿತ್ತು. ಯಾರು ತಂದು ಹಾಕಿದರೋ ನೋಡಿರಲಿಲ್ಲ. ಕೇಳಿದರೆ ಯಾರೂ ನಾನಲ್ಲ, ನಾನಲ್ಲ. ಹಿಂಬದಿಯಿಂದಲೇ ಗೊತ್ತಾಯಿತು, ಒತ್ತಿದ ಅಕ್ಷರಗಳು ಕಾಗದದ ಬೆನ್ನಿನಲ್ಲಿ ಉಬ್ಬಿ ನಿಂತಿದ್ದವು. ನಾನು ಅದನ್ನು ತಿರುಗಿಸುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು.

ಅವತ್ತು ಮಧ್ಯಾಹ್ನ ಮೇಲಿನ ಮನೆಗೆ ಹೋದೆ. ಅವಳು ಬಿಳಿ ಬಟ್ಟೆಯಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು. ಮಕ್ಕಳು ನೆಲದ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದವು. ಗಂಡನ ಚಪ್ಪಲಿ ಬಾಗಿಲ ಬಳಿ ಹಾಗೇ ಇತ್ತು. "ಬಾಡಿಗೆ ಹೋಯ್ತಾ ಅಕ್ಕ?" ಎಂದು ಕೇಳಿದಳು. ಹೋಯಿತು ಎಂದೆ. ಅವಳ ಮುಖದಲ್ಲಿ ಬೆಳಗಿನಿಂದ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಆ ಮುಖ ನೋಡಿದ ಮೇಲೆ ನಾನು ಬಾಯಿ ಬಿಡುವ ಪ್ರಶ್ನೆಯೇ ಇರಲಿಲ್ಲ, ಹೆದರಿಕೆ ನನ್ನ ಪಾಲಿಗಿರಲಿ ಎಂದುಕೊಂಡೆ.

ಮೂರನೆಯ ಸಲ ನಾನು ಹೇಡಿಯಾದೆ. ತಲೆನೋವು ಎಂದು ಹೇಳಿ ಟ್ರೇಯ ಹತ್ತಿರ ಕೂರಲೇ ಇಲ್ಲ. ನನ್ನ ಜಾಗದಲ್ಲಿ ಈಜಿಪ್ಟಿನ ಸಹೋದ್ಯೋಗಿಯೊಬ್ಬಳನ್ನು ಕೂರಿಸಿ, ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೊತ್ತ ಕೂಡಿಸುತ್ತ ಕೂತೆ. ಬರುವುದಾದರೆ ಅವಳ ಹತ್ತಿರ ಬರಲಿ, ಅವಳಿಗೆ ಅದು ಬರೀ ಕಾಗದ. ಹೊತ್ತು ಏರಿತು. ಹೊರಗಿನ ಗದ್ದಲ ತಗ್ಗಿತು. ಸದ್ಯ, ಬದುಕಿದೆ ಎಂದು ಉಸಿರು ಬಿಡುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಅವಳೇ. ಕೈಯಲ್ಲಿ ಹಸಿರು ಕಾಗದ.

"ತೊಂದರೆ ಕೊಟ್ಟೆ, ಕ್ಷಮಿಸು. ಬ್ಯಾಂಕಿನ ಹೆಸರಿನ ಮೇಲೆ ಮುದ್ರೆ ಬಿದ್ದು ಓದಲಾಗುತ್ತಿಲ್ಲ. ಹೆಸರು ನೋಡಿದರೆ ನಿಮ್ಮ ಕಡೆಯವರದು. ನಿನಗೆ ಗೊತ್ತಾಗಬಹುದು ಅನ್ನಿಸಿತು."

ಹೆದರುವವರ ಮೇಲೆ ಹಾವು ಎಸೆಯುವುದು ಎಂದರೆ ಇದೇ. ನಾನು ಕೈ ಚಾಚಲಿಲ್ಲ. ಮೇಜಿನ ಮೇಲಿಡು ಎಂದೆ. ಯಾವ ಬ್ಯಾಂಕೆಂದು ನೋಡದೆಯೇ ಹೇಳಿದೆ. ಅವಳು ನನ್ನ ಮುಖವನ್ನು ವಿಚಿತ್ರವಾಗಿ ನೋಡಿ ಹೋದಳು. ಮನೆಗೆ ಬಂದು ಏಸುವಿನ ಪಟದ ಮುಂದೆ ಮೊಂಬತ್ತಿ ಹಚ್ಚಿ, "ಬ್ಯಾರಿಗಳೇ, ನಿಮಗೆ ನನ್ನಿಂದ ಎಂತ ಆಗ್ಬೇಕು? ಹೇಳಿಬಿಡಿ" ಎಂದು ಬಾಯಿ ಬಿಟ್ಟು ಕೇಳಿದೆ. ಮೇಲಿನ ಮನೆಯಲ್ಲಿ ಯಾವುದೋ ಮಗು ಓಡಾಡಿದ ಸದ್ದಾಯಿತು, ಅಷ್ಟೆ.

ನಾಲ್ಕನೆಯದು ಧೂಳುಗಾಳಿಯ ದಿನ ಬಂತು. ಬೆಳಿಗ್ಗೆಯಿಂದ ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಹಗಲಲ್ಲೇ ಹಾಲ್‌ನ ದೀಪಗಳನ್ನೆಲ್ಲ ಹಾಕಿದ್ದರು. ಗಾಜಿನ ಹೊರಗೆ ರಸ್ತೆಯೇ ಕಾಣುತ್ತಿರಲಿಲ್ಲ. ಆ ದಿನ ನಾನು ನನ್ನ ಜಾಗದಲ್ಲೇ ಕೂತೆ, ಓಡಿ ಪ್ರಯೋಜನವಿಲ್ಲ ಎಂದು ಗೊತ್ತಾಗಿತ್ತು. ಆದರೆ ಟ್ರೇ ಖಾಲಿಯಾಗಿಯೇ ಉಳಿಯಿತು. ಕೊನೆಯ ಕಟ್ಟು ಹಂಚಿದ್ದಾಯಿತು. ಬರಲಿಲ್ಲ.

ಖುಷಿಪಡಬೇಕಾಗಿತ್ತು. ಅಷ್ಟರಲ್ಲಿ ಲೆಕ್ಕ ಕೂಡಲಿಲ್ಲ. ಒಂದು ಬ್ಯಾಂಕು ಕೊಟ್ಟೆ ಎನ್ನುವ ಮೊತ್ತಕ್ಕೂ ಇನ್ನೊಂದು ಪಡೆದೆ ಎನ್ನುವ ಮೊತ್ತಕ್ಕೂ ವ್ಯತ್ಯಾಸ ಬಿತ್ತು. ಎಷ್ಟೆಂದು ಕೂಗಿ ಹೇಳಿದರು. ಅದು ಸರಿಯಾಗಿ ಮೇಲಿನ ಮನೆಯ ಒಂದು ತಿಂಗಳ ಬಾಡಿಗೆ.

ವ್ಯತ್ಯಾಸ ಸಿಗುವ ತನಕ ಹಾಲ್ ಮುಚ್ಚುವ ಹಾಗಿಲ್ಲ, ಯಾರೂ ಹೊರಗೆ ಹೋಗುವ ಹಾಗಿಲ್ಲ. ಅದು ನಿಯಮ. ಚೀಲಗಳನ್ನು ಬೋರಲು ಹಾಕಿದರು. ಕಟ್ಟುಗಳನ್ನು ಬಿಚ್ಚಿ ಮತ್ತೆ ಎಣಿಸಿದರು. ಹೊರಗೆ ಗಾಳಿ ಊಳಿಡುತ್ತಿತ್ತು. ಇಡೀ ದೇಶದ ಬ್ಯಾಂಕುಗಳು ಒಬ್ಬ ಸತ್ತ ಮನುಷ್ಯನಿಗಾಗಿ ಕಾದು ಕೂತಿದ್ದವು, ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ನನ್ನ ತಲೆಯಲ್ಲಿ ಒಂದೇ ಭಯ: ಈಗ ಅದು ಸಿಕ್ಕರೆ ಎಲ್ಲರೂ ಅದನ್ನು ಕೈಗೆತ್ತಿಕೊಂಡು ನೋಡುತ್ತಾರೆ, ಹೆಸರು ಓದುತ್ತಾರೆ. ಇದ್ದತ್ ಮುಗಿಯಲು ಇನ್ನೂ ಕೆಲವು ವಾರ ಉಳಿದಿತ್ತು. ಯಾರಾದರೂ ಒಬ್ಬ "ಅರೆ, ಇವರು ತೀರಿಕೊಂಡರಲ್ಲ" ಎಂದುಬಿಟ್ಟರೆ ಆ ಹೆಣ್ಣು ತನ್ನ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳುತ್ತಾಳೆ.

ನಮ್ಮ ಹಾಲ್‌ನ ಮುಖ್ಯಸ್ಥರು ಸುಡಾನಿನವರು, ವಯಸ್ಸಾದವರು, ಮಿತಭಾಷಿ. ಅವರು ಮೇಜುಗಳ ನಡುವೆ ನಿಧಾನವಾಗಿ ನಡೆಯುತ್ತ ಬಂದು ನನ್ನ ಮುಂದೆ ನಿಂತರು. ಬಗ್ಗಿದರು. ನನ್ನ ಕಾಲ ಬುಡದಿಂದ, ಚಪ್ಪಲಿಗೆ ತಾಗಿಕೊಂಡಿದ್ದ ಹಸಿರು ಚೆಕ್ಕನ್ನು ಎತ್ತಿಕೊಂಡರು.

ಅದು ಅಲ್ಲಿಗೆ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ನಾನು ನೆಲ ನೋಡಿದ್ದೆ, ಎರಡು ಸಲ ನೋಡಿದ್ದೆ.

ಅವರು ಕನ್ನಡಕ ಏರಿಸಿ ಚೆಕ್ಕು ಓದಿದರು. ಆಮೇಲೆ ನನ್ನ ಮುಖ ನೋಡಿದರು. "ಇದನ್ನು ಬರೆದವರು ನಿಮಗೆ ಗೊತ್ತೇ?" ಎಂದು ಮೆಲ್ಲಗೆ ಕೇಳಿದರು.

ಕೇಳಿಯೇಬಿಟ್ಟರು. "ನಮ್ಮ ಕಟ್ಟಡದವರು" ಎಂದೆ.

"ಎಂಥ ಮನುಷ್ಯ?"

"ಒಳ್ಳೆಯವರು. ಬಾಡಿಗೆಯನ್ನು ಒಂದು ದಿನವೂ ತಡ ಮಾಡಿದವರಲ್ಲ. ಹೆಂಡತಿ ಮಕ್ಕಳೆಂದರೆ ಪ್ರಾಣ." ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅವರು ಇನ್ನೊಮ್ಮೆ ಸಹಿ ನೋಡಿದರು. ಹೆಬ್ಬೆರಳಿನಿಂದ ಅದನ್ನು ಮೆತ್ತಗೆ ಸವರಿದರು. ತುಟಿಯಲ್ಲೇ "ಅಲ್ಲಾ ಯರ್ಹಮು" ಎಂದರು. 'ದೇವರು ಅವರಿಗೆ ಕರುಣೆ ತೋರಲಿ' ಎಂಬ ಆ ಮಾತನ್ನು ಅರಬರು ತೀರಿಕೊಂಡವರಿಗೆ ಮಾತ್ರ ಹೇಳುತ್ತಾರೆ. ಬದುಕಿದ್ದವರಿಗೆ ಅಪ್ಪಿತಪ್ಪಿಯೂ ಹೇಳುವುದಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಗೆ ಗೊತ್ತಾಯಿತು? ಕೇಳುವ ಧೈರ್ಯವಾಗಲಿಲ್ಲ. ಚೆಕ್ಕನ್ನು ತಾವೇ ಒಯ್ದು ಅದರ ಕಟ್ಟಿನಲ್ಲಿ ಸೇರಿಸಿ, "ಯಲ್ಲಾ, ಖಲಾಸ್" ಎಂದು ಕೈ ತಟ್ಟಿದರು. ಹಾಲ್ ಮುಚ್ಚಿತು. ಆಮೇಲೆ ಅವರು ಆ ವಿಷಯ ಎತ್ತಲೇ ಇಲ್ಲ.

ಇದ್ದತ್ ಅದೇ ತಿಂಗಳ ಕೊನೆಗೆ ಮುಗಿಯಿತು. ಅವಳು ಸ್ನಾನ ಮಾಡಿ, ಬಣ್ಣದ ಬಟ್ಟೆ ಉಟ್ಟು, ಮೊದಲ ಸಲ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದಳು. ಕಂಪನಿಯವರು ಊರಿಗೆ ಟಿಕೆಟ್ ಕೊಟ್ಟಿದ್ದರು. ಎರಡು ವಾರದಲ್ಲಿ ಹೊರಡುವುದಿತ್ತು.

"ಅಕ್ಕ, ಒಂದು ಉಪಕಾರ. ಮಾಲಿಕರ ಹತ್ತಿರ ಹೋಗಿ ಉಳಿದ ಚೆಕ್ಕುಗಳನ್ನು ವಾಪಸು ತಂದುಕೊಡ್ತೀರಾ? ಒಂದನೇ ತಾರೀಕಿನ ಮೊದಲು."

ಮರುದಿನವೇ ನಾನೂ ನನ್ನ ಗಂಡನೂ ಅಲ್ ವುಕೈರಿಗೆ ಹೋದೆವು. ಮಾಲಿಕ ಮುದುಕ ಅಂಗಳದಲ್ಲಿ ಆಡುಗಳಿಗೆ ಮೇವು ಹಾಕುತ್ತಿದ್ದ. ಸುದ್ದಿ ಕೇಳಿ ಮೇವಿನ ಹೊರೆಯ ಮೇಲೆ ಕುಸಿದು ಕೂತ. "ನನಗೆ ಯಾಕೆ ಹೇಳಲಿಲ್ಲ? ಇದ್ದತ್ ಕೂತ ಹೆಣ್ಣನ್ನು ಮನೆಯಿಂದ ನಾನು ಎಬ್ಬಿಸುತ್ತಿದ್ದೆನೇ? ನನ್ನನ್ನು ಏನೆಂದುಕೊಂಡಿರಿ?" ಎಂದು ನಮ್ಮ ಮೇಲೆ ರೇಗಿದ. ಅವನ ಕಣ್ಣು ತುಂಬಿತ್ತು. ನಾವು ತಲೆ ತಗ್ಗಿಸಿ ನಿಂತೆವು. ಚೆಕ್ಕುಗಳನ್ನು ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಸಂಜೆ ಅವುಗಳನ್ನು ಮೇಲಿನ ಮನೆಗೆ ಒಯ್ದೆ. ಪೆಟ್ಟಿಗೆಗಳ ನಡುವೆ ಕೂತಿದ್ದ ಅವಳು ಚೆಕ್ಕುಗಳನ್ನು ಮಡಿಲಲ್ಲಿ ಹರಡಿಕೊಂಡು ಒಂದೊಂದರ ಸಹಿಯ ಮೇಲೂ ಬೆರಳಾಡಿಸಿದಳು. ವಾಪಸಾದರೆ ಪೊಲೀಸು ಕೇಸಾಗುತ್ತದೆಂದು ಹೆದರಿ ತರಿಸಿಕೊಂಡಿದ್ದಾಳೆ ಎಂದುಕೊಂಡು, "ಇನ್ನೇನೂ ಹೆದರಿಕೆ ಇಲ್ಲ ಮಗಾ" ಎಂದೆ.

"ಹೆದರಿಕೆ ಅಲ್ಲ ಅಕ್ಕ. ಇವರು ಪ್ರತಿ ಸಲ ನಿಮ್ಮ ಹತ್ತಿರವೇ ಬಂದರಲ್ಲ?"

ನಾನು ಚೆಕ್ಕುಗಳಿಂದ ಕಣ್ಣೆತ್ತಿ ಅವಳನ್ನೇ ನೋಡಿದೆ. "ನಿನಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಾನೇ ಕಳಿಸಿದ್ದಲ್ವಾ? ಎಲ್ಲ ಚೆಕ್ಕನ್ನೂ ಪಾಸು ಮಾಡೋದು ನೀವೇ ಅಲ್ವಾ. ಒಂದನೇ ತಾರೀಕು ಬೆಳಗಿನ ಸುಬಹಿ ನಮಾಜ್ ಮುಗಿಸಿ ಇಲ್ಲೇ ಕೂತು ದುಆ ಮಾಡ್ತಿದ್ದೆ, ಇವರಿಗೆ ಹೇಳ್ತಿದ್ದೆ. ಬೇರೆಯವರ ಕೈಗೆ ಸಿಗ್ಬೇಡಿ, ಅವರು ವಾಪಸು ಕಳಿಸಿಬಿಡ್ತಾರೆ. ಸೀದಾ ಅಕ್ಕನ ಹತ್ತಿರ ಹೋಗಿ, ಅವರ ಎದುರಿಗೆ ನಿಲ್ಲಿ, ಅವರು ನಿಮ್ಮನ್ನು ಬಿಟ್ಟುಕೊಡೋದಿಲ್ಲ ಅಂತ."

ಚೆಕ್ಕು ಪಾಸು ಮಾಡುವುದು ನಾನಲ್ಲ, ನನಗೆ ಆ ಅಧಿಕಾರವೇ ಇಲ್ಲ ಎಂದು ಆ ಹೆಣ್ಣಿಗೆ ಹೇಗೆ ಹೇಳಲಿ? ಹೇಳಿದರೂ ಅದು ನಿಜವೇ ಎಂದು ನನಗೇ ಆಗ ಗೊತ್ತಿರಲಿಲ್ಲ.

ಅವಳು ಚೆಕ್ಕುಗಳನ್ನು ಒಟ್ಟು ಮಾಡಿ ಎದೆಗೆ ಒತ್ತಿಕೊಂಡಳು. "ಬದುಕಿದ್ದಾಗಲೂ ಒಂದು ದಿನ ರಜೆ ಹಾಕಿದವರಲ್ಲ ಅಕ್ಕ. ಜ್ವರ ಬಂದರೂ ಹೋಗೋರು. ಸತ್ತ ಮೇಲೂ ಒಂದನೇ ತಾರೀಕು ಬಂತು ಅಂದ್ರೆ ಮಣ್ಣಿಂದ ಎದ್ದು ನಮಗೆ ಬಾಡಿಗೆ ಕೊಡ್ಲಿಕ್ಕೆ ಬಂದ್ರು, ಪಾಪ. ನಾಲ್ಕು ತಿಂಗಳು ನಾನೇ ಎಬ್ಬಿಸಿ ಎಬ್ಬಿಸಿ ಕಳಿಸಿದೆ. ಸಾಕು. ಇನ್ನು ಮಲಗಲಿ."

ಮಕ್ಕಳು ಒಳಗೆ ಏನೋ ಆಟವಾಡುತ್ತಿದ್ದವು. ಅವಳು ನನ್ನ ಕೈ ಹಿಡಿದುಕೊಂಡಳು. ಅಷ್ಟು ತಿಂಗಳಲ್ಲಿ ಒಂದು ಸಲವೂ ಗಟ್ಟಿಯಾಗಿ ಅತ್ತವಳಲ್ಲ. ಈಗ ಅವಳ ಇಡೀ ಮೈ ಅಲುಗುತ್ತಿತ್ತು.

"ನಾಳೆ ಬ್ಯಾಂಕಿಗೆ ಹೇಳಿಬಿಡಿ ಅಕ್ಕ," ಎಂದಳು. "ಇವರು ತೀರಿಕೊಂಡರು ಅಂತ."